ಚೀಟಿ ಎತ್ತಿ ಆಡಿದ ಮಾತು

ನಮ್ಮ ಮನೆಯಲ್ಲಿ ಅಕ್ಕಿ ಅಳೆಯುವುದು ಪಾವಿನಲ್ಲಲ್ಲ, ಬಹುಮಾನದಲ್ಲಿ. ಜರ್ಮನ್ ಸಿಲ್ವರಿನ ಒಂದು ಲೋಟ. ಎರಡು ಕಡೆ ಕಿವಿಯಂಥ ಹಿಡಿಗಳಿದ್ದವು, ಒಂದು ಎಂದೋ ಮುರಿದುಹೋಯಿತು. ಹೊಟ್ಟೆಯ ಮೇಲೆ ‘ಉತ್ತಮ ಭಾಷಣಕಾರ’ ಎಂದು ಕೆತ್ತಿದ್ದಾರೆ. ಹುಣಿಸೆಹಣ್ಣು ಹಾಕಿ ಉಜ್ಜಿ ಉಜ್ಜಿ ಈಗ ‘ಉತ್ತಮ’ ಅಳಿಸಿಹೋಗಿದೆ, ‘ಭಾಷಣಕಾರ’ ಮಾತ್ರ ಉಳಿದಿದ್ದಾನೆ. ನನ್ನ ಹೆಂಡತಿ ಇದನ್ನು ಅಕ್ಕಿಯ ಡಬ್ಬಕ್ಕೆ ಹಾಕಿದ್ದು ಮದುವೆಯಾದ ಮೊದಲನೆಯ ವಾರದಲ್ಲೇ. “ಒಂದು ಲೋಟ ಹಾಕಿದರೆ ಇಬ್ಬರಿಗೆ ಸರಿಯಾಗಿ ಆಗುತ್ತೆ ಕಣ್ರೀ. ನಿಮ್ಮ ಭಾಷಣದಿಂದ ಅಷ್ಟಾದರೂ ಆಯಿತಲ್ಲ,” ಅಂದಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಿನ್ನೆ ಮೊಮ್ಮಗಳು ಡಬ್ಬದಿಂದ ಅದನ್ನು ತೆಗೆದು, ಹಿಟ್ಟು ಒರೆಸಿ, ನನ್ನ ಕನ್ನಡಕದ ಮುಂದೆ ಹಿಡಿದಳು. ಅವಳ ಸ್ಕೂಲಿನಲ್ಲಿ ಚರ್ಚಾಸ್ಪರ್ಧೆಯಂತೆ. “ತಾತ, ಇದು ಯಾವ ವಿಷಯಕ್ಕೆ ಬಂದದ್ದು? ನೀವು ಪರವೋ ವಿರೋಧವೋ?” ಎಂದು ಕೇಳಿದಳು. ಕೇಳಬಾರದ್ದೇನನ್ನೂ ಅವಳು ಕೇಳಲಿಲ್ಲ. ಆದರೂ ನಾನು ಓದುತ್ತಿದ್ದ ಪೇಪರು ಮಡಿಸಿಟ್ಟು ಎದ್ದೆ, ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ನಡುಮನೆಗೆ ಓಡಾಡತೊಡಗಿದೆ. ಹೆಂಡತಿ ಒಳಗಿನಿಂದಲೇ, “ಶುರುವಾಯಿತು, ಗಾಣದ ಎತ್ತು,” ಅಂದಳು. ಆ ಲೋಟದ ಸುದ್ದಿ ಬಂದಾಗಲೆಲ್ಲ ನಾನು ಹೀಗೆ ಸುತ್ತುತ್ತೇನೆ ಎಂಬುದು ಅವಳಿಗೆ ಗೊತ್ತು. ಯಾಕೆ ಸುತ್ತುತ್ತೇನೆ ಎಂಬುದನ್ನು ಮಾತ್ರ ಇಷ್ಟು ವರ್ಷ ಅವಳಿಗೂ ಪೂರ್ತಿ ಹೇಳಿರಲಿಲ್ಲ. ನಿನ್ನೆ ಮೊಮ್ಮಗಳಿಗೆ ಹೇಳಿದೆ. ನಿಮಗೂ ಹೇಳುತ್ತೇನೆ, ಆದರೆ ನಾನು ಓಡಾಡುತ್ತಲೇ ಹೇಳಬೇಕು, ನೀವು ಸಹಿಸಿಕೊಳ್ಳಬೇಕು.

ನಮ್ಮಪ್ಪನದು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ. ಮನೆಯ ತುಂಬ ಕೊಬ್ಬರಿಯ ಕಮಟು ವಾಸನೆ. ಪುಸ್ತಕ ತೆರೆದರೂ ಅದೇ ವಾಸನೆ, ಹಾಸನದ ಹೈಸ್ಕೂಲಿಗೆ ನನ್ನನ್ನು ಸೇರಿಸಿದಾಗ ಟ್ರಂಕು ತೆರೆದರೂ ಅದೇ. ಜೊತೆಯ ಹುಡುಗರು ನನ್ನನ್ನು ‘ಕೊಬ್ಬರಿ’ ಎಂದೇ ಕರೆಯುತ್ತಿದ್ದರು. ಓಟದಲ್ಲಿ ಹಿಂದೆ, ಲೆಕ್ಕದಲ್ಲಿ ಇನ್ನೂ ಹಿಂದೆ. ಬಾಯೊಂದು ಇಲ್ಲದಿದ್ದರೆ ನಾಯಿ ಹೊತ್ತುಕೊಂಡು ಹೋಗುತ್ತಿತ್ತು ಅನ್ನುತ್ತಾರಲ್ಲ, ನನ್ನನ್ನು ನೋಡಿಯೇ ಆ ಮಾತು ಹುಟ್ಟಿರಬೇಕು. ರಜೆಗೆ ಊರಿಗೆ ಬಂದಾಗ ತೋಟದಲ್ಲಿ ತೆಂಗಿನ ಮರಗಳನ್ನು ಸಭಿಕರೆಂದುಕೊಂಡು ಭಾಷಣ ಮಾಡುತ್ತಿದ್ದೆ. ಅವು ಎಂದೂ ಎದುರು ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ, ‘ಮಹಾಜನರೇ’ ಎಂದು ಆರಂಭಿಸುತ್ತಿದ್ದ ಹಾಗೆ ಒಂದು ಒಣಗಿದ ಗರಿ ಪಕ್ಕದಲ್ಲೇ ಬಿತ್ತು.

ನನಗೆ ಆಗ ಹದಿನೇಳೋ ಹದಿನೆಂಟೋ. ಅರಕಲಗೂಡಿನಲ್ಲಿ ಒಂದು ಚರ್ಚಾಸ್ಪರ್ಧೆ ಇಟ್ಟರು. ಹಾಸನದಿಂದ ನಾನು, ಹೊಳೆನರಸೀಪುರದಿಂದ ಒಬ್ಬ ಬಡಕಲು ಹುಡುಗ, ಇನ್ನೂ ನಾಲ್ಕಾರು ಮಂದಿ. ವಿಷಯವನ್ನು ಹದಿನೈದು ದಿನ ಮೊದಲೇ ಕಳಿಸಿದ್ದರು: ‘ವಾಕ್‌ಸ್ವಾತಂತ್ರ್ಯ ಹಾಗೂ ಎಲ್ಲರಿಗೂ ವಿದ್ಯೆ, ಇವುಗಳಿಂದ ಸಮಾಜವು ಮುಂದುವರಿಯುತ್ತಿದೆ.’ ಪರವೋ ವಿರೋಧವೋ ಎಂಬುದನ್ನು ಮಾತ್ರ ಆಗಿನ ಪದ್ಧತಿಯಂತೆ ಅಲ್ಲಿಯೇ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಎರಡಕ್ಕೂ ತಯಾರಾಗಿ ಹೋಗಬೇಕಾಗಿತ್ತು. ನಾನು ಪರವಾಗಿ ಮಾತ್ರ ತಯಾರಾಗಿದ್ದೆ. ಇದು ಸೋಮಾರಿತನವಲ್ಲ. ಈ ಮಾತಿಗೆ ವಿರೋಧವೂ ಇರಬಹುದು ಎಂದು ನನಗೆ ತೋರಿಯೇ ಇರಲಿಲ್ಲ. ನನ್ನ ಅಪ್ಪ ಅಕ್ಷರ ಕಲಿತದ್ದು ಕೊಬ್ಬರಿ ಚೀಲದ ಮೇಲೆ ಬರೆದ ಊರಿನ ಹೆಸರುಗಳಿಂದ. ನಮ್ಮಮ್ಮನಿಗೆ ಅದೂ ಇಲ್ಲ. ಅವಳು ಪಂಚಾಂಗವನ್ನು ತಲೆಕೆಳಗಾಗಿ ಹಿಡಿದುಕೊಂಡು ನನ್ನನ್ನು ಕೂಗುತ್ತಿದ್ದಳು, ನಾನು ತಿರುಗಿಸಿ ಕೊಡುತ್ತಿದ್ದೆ. ವಿದ್ಯೆ ಎಲ್ಲರಿಗೂ ಬೇಕು ಎಂಬುದು ನನಗೆ ನಮ್ಮ ಮನೆಯ ಮಾತೇ ಆಗಿತ್ತು.

ಅಧ್ಯಕ್ಷರು ತಮ್ಮ ಜರಿಪೇಟವನ್ನು ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟರು. ಅದರೊಳಗೆ ಮಡಿಸಿದ ಚೀಟಿಗಳು. ನಾನು ಎತ್ತಿದೆ. ‘ವಿರೋಧ.’

ಅರ್ಧ ಗಂಟೆ ಸಮಯವಿತ್ತು. ಶಾಲೆಯ ಹಿಂದೆ ಹುಣಿಸೆಮರದ ಕೆಳಗೆ ನಿಂತು, ಬರೆದು ತಂದಿದ್ದ ಭಾಷಣವನ್ನು ಹಳೆ ಕೋಟು ಒಳಹೊರಗು ಮಾಡಿದ ಹಾಗೆ ತಿರುವಿ ಹಾಕಿದೆ. ಎಲ್ಲೆಲ್ಲಿ ‘ಬೆಳಕು’ ಇತ್ತೋ ಅಲ್ಲೆಲ್ಲ ‘ಹೊಗೆ’ ಹಾಕಿದೆ. ಕೆಲಸ ಎಷ್ಟು ಸಲೀಸಾಗಿ ಆಯಿತೆಂದರೆ ನನಗೆ ನನ್ನ ಮೇಲೆಯೇ ಗೌರವ ಬಂತು.

ಆವತ್ತು ಸಂತೆಯ ದಿನ. ಸ್ಪರ್ಧೆಯ ಕೊನೆಗೆ ಪಾನಕ ಕೊಡುತ್ತಾರೆಂದು ಸುದ್ದಿಯಾಗಿ, ಸಂತೆಗೆ ಬಂದವರಲ್ಲಿ ಅರ್ಧ ಜನ ಶಾಲೆಯ ಜಗಲಿಯ ಮೇಲೆ ಬಂದು ಕೂತಿದ್ದರು. ತೀರ್ಪುಗಾರರ ಗೋಜೇ ಬೇಡವೆಂದು, ಸಭಿಕರೇ ಕೈ ಎತ್ತಿ ಗೆದ್ದವರನ್ನು ಆರಿಸುವ ಏರ್ಪಾಡು. ನಾನು ಎದ್ದು ನಿಂತೆ. ನಮ್ಮ ತಾತನಿಗೆ ಓದು ಬರುತ್ತಿರಲಿಲ್ಲ, ಸುಳ್ಳೂ ಬರುತ್ತಿರಲಿಲ್ಲ ಅಂದೆ. ಎಲ್ಲರೂ ಮಾತಾಡತೊಡಗಿದರೆ ಕೇಳುವವನು ಯಾರು, ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವನು ಯಾರು ಅಂದೆ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಎಂದು ಹಿರಿಯರು ಸುಮ್ಮನೆ ಹೇಳಿದರೇ ಅಂದೆ. ಕೊನೆಯಲ್ಲಿ, “ಹೆಣ್ಣುಮಗಳು ಒಲೆಯ ಮುಂದೆ ಪುಸ್ತಕ ಹಿಡಿದು ಕೂತರೆ ಸಮಾಜ ಮುಂದುವರಿಯುತ್ತದೋ ಇಲ್ಲವೋ ಕಾಣೆ, ಮುದ್ದೆಯಂತೂ ಸೀಯುತ್ತದೆ,” ಅಂದೆ. ಜಗಲಿಯೆಲ್ಲ ನಕ್ಕಿತು. ಅಧ್ಯಕ್ಷರೂ ನಕ್ಕರು, ನಗುತ್ತಾ ಪೇಟವನ್ನು ಚೀಟಿಗಳ ಸಮೇತ ತಲೆಗಿಟ್ಟುಕೊಂಡರು. ಕೈಗಳು ಎದ್ದವು, ಎಣಿಸುವ ಅಗತ್ಯವೇ ಬೀಳಲಿಲ್ಲ.

ಪಾನಕ ಕುಡಿಯುವಾಗ ಒಬ್ಬ ರೈತ ಬಂದು ಕೈಮುಗಿದ. ನಲವತ್ತರ ವಯಸ್ಸು, ಹೆಗಲ ಮೇಲೆ ಕಂಬಳಿ, ಎಮ್ಮೆ ಕೊಳ್ಳಲು ಬಂದವನಂತೆ. “ಬಾಳ ಚೆನ್ನಾಗಿ ಏಳಿದ್ರಿ ಸ್ವಾಮಿ. ಒಂದು ವರ್ಸದಿಂದ ತಲೇಲಿ ಕೊರೀತಿತ್ತು. ಇವತ್ತು ಬಗೆಹರೀತು,” ಅಂದ. ನಾನು ಕಂಕುಳಲ್ಲಿ ಬಹುಮಾನದ ಲೋಟ ಇಟ್ಟುಕೊಂಡು ದೊಡ್ಡ ಮನುಷ್ಯರ ಹಾಗೆ ತಲೆಯಾಡಿಸಿದೆ. ಏನು ಕೊರೆಯುತ್ತಿತ್ತು, ಏನು ಬಗೆಹರಿಯಿತು ಎಂದು ಕೇಳಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಅಂದರೆ ಕಥೆ ನಿಲ್ಲುತ್ತದೆ, ನಾನು ಓಡಾಡುತ್ತಲೇ ಇರುತ್ತೇನೆ. ಈಗ ನಮ್ಮ ಬೀದಿಯಲ್ಲಿ ಶಾಲೆಗೆ ಹೋಗದ ಮಗು ಒಂದೂ ಇಲ್ಲ. ಮಾತಾಡದ ಬಾಯಿಯೂ ಇಲ್ಲ. ಹಜಾಮತಿ ಅಂಗಡಿಯಲ್ಲಿ ಕೂತರೆ ಸರ್ಕಾರವನ್ನು ಬೈಯುವ ಸ್ವಾತಂತ್ರ್ಯ ಕತ್ತರಿಯವನಿಗೂ ಇದೆ, ಕತ್ತರಿಯ ಕೆಳಗಿನವನಿಗೂ ಇದೆ. ಇದು ಒಳ್ಳೆಯದೇ ಎಂದು ನಾನು ನಂಬಿದ್ದೇನೆ. ಆದರೆ ಪೇಪರು ಬಿಡಿಸಿದರೆ, ನಿನ್ನೆ ಒಂದು ಕಡೆ ಭೋರ್ಗರೆದವರು ಇಂದು ಇನ್ನೊಂದು ಕಡೆ ಅಷ್ಟೇ ಚೆನ್ನಾಗಿ ಭೋರ್ಗರೆಯುತ್ತಿರುತ್ತಾರೆ. ಆಗ ನನಗೆ ಆ ಜರಿಪೇಟ ನೆನಪಾಗುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ.

ಆ ವರ್ಷದ ದಸರಾ ರಜೆಗೆ ನಮ್ಮಕ್ಕನ ಮನೆಗೆ ಹೋದೆ. ನಮ್ಮ ಭಾವ ಮಲ್ಲಿಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಒಂದೇ ಕೋಣೆಯ ಶಾಲೆ, ಒಬ್ಬರೇ ಮೇಷ್ಟ್ರು. ಲೋಟವನ್ನು ಪಂಚೆಯಲ್ಲಿ ಸುತ್ತಿ ತಂದಿದ್ದೆ. ಊಟವಾದ ಮೇಲೆ, ಏನೋ ಮರೆತು ಈಗ ನೆನಪಾದವನ ಹಾಗೆ ಹೊರಗೆ ತೆಗೆಯಬೇಕೆಂದು ಯೋಚನೆ ಮಾಡಿಕೊಂಡಿದ್ದೆ. ಆದರೆ ಊಟಕ್ಕೆ ಕೂತ ಭಾವ ಮುದ್ದೆ ಮುರಿಯದೆ ಸುಮ್ಮನೆ ಕೂತಿದ್ದರು.

“ಯಾಕೆ ಭಾವ?” ಎಂದೆ.

“ಮೂರು ಹೆಣ್ಣುಮಕ್ಕಳನ್ನ ಶಾಲೆಗೆ ತರೋದಕ್ಕೆ ನನಗೆ ಎರಡು ವರ್ಷ ಹಿಡೀತು ಕಣಯ್ಯ. ಮನೆಮನೆ ಸುತ್ತಿದೆ. ಅದರಲ್ಲಿ ಬೋರೇಗೌಡರ ಮಗಳು ದೇವೀರಿ ಅಂತ, ಹನ್ನೆರಡು ವರ್ಷ, ಆ ಹುಡುಗಿಗೆ ಒಂದು ಸಲ ಹೇಳಿದರೆ ಸಾಕು. ತಾಯಿಗೆ ಕೂಸಾಗಿದೆ, ತೂಗೋರಿಲ್ಲ ಅಂತ ಗೌಡರು ವರ್ಷದಿಂದ ಬಿಡಿಸಲೋ ಬೇಡವೋ ಅಂತಿದ್ದರು. ನಾನು ಹಿಡಿದು ನಿಲ್ಲಿಸಿದ್ದೆ. ಈಗ ಬಿಡಿಸಿಬಿಟ್ಟರು. ಗೌಡರೇ ಬಿಡಿಸಿದ ಮೇಲೆ ಇನ್ನಿಬ್ಬರೂ ಬರಲಿಲ್ಲ.”

“ಈಗ ಯಾಕೆ ಬಿಡಿಸಿದರು?”

“ಅರಕಲಗೂಡಿನಲ್ಲಿ ದೊಡ್ಡ ಸಭೆ ಸೇರಿತ್ತಂತೆ. ಕೋಟು ಹಾಕಿದ ಓದಿದವರೇ ಎದ್ದು ನಿಂತು ಓದು ಬೇಡ ಅಂದರಂತೆ. ಎಲ್ಲರೂ ಕೈ ಎತ್ತಿ ತೀರ್ಮಾನ ಮಾಡಿದರಂತೆ. ನನಗಂತೂ ಅರ್ಥವೇ ಆಗಲಿಲ್ಲ.”

ನಮ್ಮಕ್ಕ ನನ್ನ ಕಡೆ ನೋಡಿದಳು. ಸ್ಪರ್ಧೆಯ ಬಗ್ಗೆ ನಾನು ಅವಳಿಗೆ ಕಾಗದ ಬರೆದಿದ್ದೆ, ಎರಡು ಪುಟ. ಅವಳು ಎದ್ದು ಹೋಗಿ ಪಂಚೆಯ ಗಂಟು ಬಿಚ್ಚಿ, ಲೋಟವನ್ನು ತಂದು ಭಾವನ ಎಲೆಯ ಪಕ್ಕದಲ್ಲಿ ಇಟ್ಟಳು. ಭಾವ ಅದರ ಮೇಲಿದ್ದ ಅಕ್ಷರಗಳನ್ನು ಓದಿದರು. ಆಮೇಲೆ ಕೈತೊಳೆದುಕೊಂಡು, “ನಡಿ, ಗೌಡರ ಮನೆಗೆ,” ಅಂದರು.

ತಪ್ಪು ಯಾರದು ಎಂದು ಬಹಳ ದಿನ ಯೋಚಿಸಿದ್ದೇನೆ. ಬೋರೇಗೌಡರ ಊರಿನಲ್ಲಿ ಹತ್ತು ಜನ ಹಿರಿಯರು ಅರಳಿಕಟ್ಟೆಯ ಮೇಲೆ ಕೂತು, ಎಲ್ಲರ ಮುಂದೆ ಒಂದು ಮಾತು ಆಡಿದರೆ ಅದು ತೀರ್ಮಾನ. ಗಂಡ ಹೆಂಡತಿ ಬೇರೆಯಾಗುವುದು, ಕೆರೆಯ ನೀರು ಯಾವ ಗದ್ದೆಗೆ ಮೊದಲು ಹೋಗಬೇಕು ಎಂಬುದು, ಎಲ್ಲ ಅಲ್ಲೇ. ಮೇಜು ಹಾಕಿ, ಪೇಟದ ಅಧ್ಯಕ್ಷರನ್ನು ಕೂರಿಸಿ, ಊರವರನ್ನೆಲ್ಲ ಸೇರಿಸಿ, ಕೈ ಎತ್ತಿಸಿ, ಕೊನೆಗೆ ಅದೆಲ್ಲ ಆಟ ಎನ್ನುವ ಜನ ಇರುತ್ತಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಗೌಡರು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ಆವತ್ತು ಪಾನಕ ಕುಡಿಯುವಾಗ ಬಂದು ಕೈಮುಗಿದ ರೈತರೇ ಅವರು. ನನ್ನನ್ನು ಕಂಡದ್ದೇ ಎದ್ದು ನಿಂತರು. ಕಂಬಳಿ ಹಾಸಿದರು. ನನ್ನನ್ನು ಕಂಡು ಅವರಿಗೆ ನಿಜವಾಗಿ ಸಂತೋಷವಾಗಿತ್ತು, ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಗೌಡರೇ, ಆವತ್ತು ನಾನು ಆಡಿದ್ದು ನನ್ನ ಮಾತಲ್ಲ,” ಎಂದೆ.

“ಮತ್ಯಾರ್ದು?”

“ಯಾರದೂ ಅಲ್ಲ. ಅದು ಸ್ಪರ್ಧೆ. ಮೊದಲು ಚೀಟಿ ಎತ್ತುತ್ತಾರೆ. ಯಾವ ಚೀಟಿ ಬರುತ್ತದೋ ಆ ಕಡೆ ಮಾತಾಡಬೇಕು.”

ಅವರು ಹಗ್ಗ ಕೆಳಗಿಟ್ಟರು. “ಅಂಗಂದ್ರೆ, ಇನ್ನೊಂದು ಚೀಟಿ ಬಂದಿದ್ರೆ?”

“ಓದು ಬೇಕು ಅಂತ ಮಾತಾಡುತ್ತಿದ್ದೆ.”

“ಇಷ್ಟೇ ಚೆನ್ನಾಗಾ?”

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಭಾಷಣಕಾರನ ಜಂಬ ಬಿಡಲಿಲ್ಲ. “ಇನ್ನೂ ಚೆನ್ನಾಗಿ,” ಎಂದೆ. ಪಕ್ಕದಲ್ಲಿ ಭಾವ ಕಣ್ಣು ಮುಚ್ಚಿಕೊಂಡರು.

ಗೌಡರು ಕೆಳಗಿಟ್ಟಿದ್ದ ಹಗ್ಗವನ್ನು ಸುತ್ತಿ ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನನ್ನು ಬಿಟ್ಟು ಭಾವನನ್ನು ಕೇಳಿದರು. “ಮೇಷ್ಟ್ರೇ, ಇದನ್ನೇನಾ ಇಸ್ಕೂಲಲ್ಲಿ ಕಲ್ಸೋದು?”

ಆಮೇಲೆ ಗೌಡರು ನನ್ನ ಕಡೆ ತಿರುಗಿದರು.

“ನಾವೂ ಸುಳ್ಳು ಏಳ್ತೀವಿ ಸ್ವಾಮಿ, ಇಲ್ಲ ಅನ್ನಾಕಿಲ್ಲ. ಎಮ್ಮೆ ಮಾರೋವಾಗ ಎರಡು ಸೇರು ಕರೆಯೋದ ನಾಕು ಸೇರು ಅಂತೀವಿ. ಆದ್ರೆ ಅದು ನಮ್ಮೆಮ್ಮೆ. ಮನೇಲಿ ಐಕ್ಳು ಮರಿ ಅವೆ, ಅದ್ಕೆ ಏಳ್ತೀವಿ. ಯಾರ್ದೋ ಎಮ್ಮೇನ ಚೀಟಿ ಎತ್ತಿ ಒಗಳಾಕಿಲ್ಲ. ಓದಿದ್ರೆ ಇಂಗೆ ಆಗೋದಾದ್ರೆ, ನೀವು ಆವತ್ತು ಏಳಿದ್ದೇ ದಿಟ. ನನ್ ಮಗ್ಳಿಗೆ ಬ್ಯಾಡ.”

ಅಲ್ಲಿಯವರೆಗೆ ನಾನು ತಪ್ಪು ತಿದ್ದಲು ಬಂದವನು. ಈಗ ತಿದ್ದಿದಷ್ಟೂ ತಪ್ಪು ದೊಡ್ಡದಾಗುತ್ತಿತ್ತು. ಓದು ಯಾಕೆ ಬೇಕು ಎಂದು ಹೇಳಲು ಹೊರಟೆ. ನಮ್ಮಮ್ಮ ಹಿಡಿಯುತ್ತಿದ್ದ ತಲೆಕೆಳಗಿನ ಪಂಚಾಂಗವನ್ನು ಹೇಳಬೇಕೆಂದಿದ್ದೆ. ಬರೆದು ತಯಾರಿ ಮಾಡಿಕೊಳ್ಳದ ಮಾತು, ನಿಜವಾದ ಮಾತು. “ನಮ್ಮಮ್ಮ... ಅಂದರೆ ಪಂಚಾಂಗ... ಅವಳಿಗೆ ಗೊತ್ತಾಗುತ್ತಿರಲಿಲ್ಲ ಗೌಡರೇ, ಯಾವುದು ಮೇಲೆ...” ಎಂದು ಅಲ್ಲೇ ಸಿಕ್ಕಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ತೊದಲಿದೆ.

ಗೌಡರು ನನ್ನನ್ನು ಕನಿಕರದಿಂದ ನೋಡಿದರು. “ಆವತ್ತು ನೀರು ಕುಡ್ದಂಗೆ ಮಾತಾಡಿದ್ರಿ. ಇವತ್ತು ತಡವರಿಸ್ತಾ ಇದೀರಿ. ಇವತ್ತು ಬಂದಿರೋದು ಯಾವ ಚೀಟಿ ಸ್ವಾಮಿ?”

ಅದರಲ್ಲಿ ಕುಹಕವಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದರು. ಅದಕ್ಕೇ ಅದು ಇನ್ನೂ ನನ್ನೊಳಗೆ ಮುಳ್ಳಾಗಿ ಉಳಿದಿದೆ.

ಎದ್ದು ಹೊರಟೆವು. ಬಾಗಿಲ ಒಳಗೆ ಒಂದು ಹುಡುಗಿ ಒಂದು ಕೈಯಲ್ಲಿ ತೊಟ್ಟಿಲ ಹಗ್ಗ ಎಳೆಯುತ್ತಾ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಮೆಟ್ಟಿಲು ಇಳಿಯುವಾಗ, “ಅಣ್ಣಾ,” ಎಂದು ಮೆಲ್ಲಗೆ ಕರೆದಳು. “ಆ ಕಡೆಯೋರು ಏನಂದ್ರು?”

“ಯಾವ ಕಡೆಯವರು?”

“ಓದು ಬೇಕು ಅಂದೋರು. ಅಪ್ಪ ನೀವಂದಿದ್ದು ಒಂದೇ ಏಳ್ತದೆ. ಅವ್ರೂ ಏನಾರ ಅಂದಿರ್ಬೇಕಲ್ವಾ?”

ನನಗೆ ನೆನಪಾಗಲಿಲ್ಲ. ಮರೆತದ್ದಲ್ಲ, ಕೇಳಿಯೇ ಇರಲಿಲ್ಲ. ಹೊಳೆನರಸೀಪುರದ ಆ ಬಡಕಲು ಹುಡುಗ ಮಾತಾಡುತ್ತಿದ್ದಾಗ ನಾನು ನನ್ನ ನಗೆಚಾಟಿಕೆಗಳನ್ನು ಬೆರಳಲ್ಲಿ ಎಣಿಸಿಕೊಳ್ಳುತ್ತಿದ್ದೆ. ಅವನು ತೋಳಿನಿಂದ ಬೆವರು ಒರೆಸಿಕೊಂಡದ್ದು ಮಾತ್ರ ಜ್ಞಾಪಕವಿತ್ತು. ಹುಡುಗಿ ಕಾದಳು. ಒಳಗೆ ಕೂಸು ಅತ್ತಿತು, ಅವಳು ತೂಗಲು ಹೋದಳು.

ನಿನ್ನೆ ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ನನ್ನ ಮೊಮ್ಮಗಳು ಲೋಟವನ್ನು ಕೆಳಗಿಟ್ಟಿದ್ದಳು. ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. “ಆಮೇಲೆ ಆ ಹುಡುಗಿ ಏನಾದಳು ತಾತ?” ಎಂದಳು ಮೊಮ್ಮಗಳು.

ಶಾಲೆಗೆ ಹೋಗಲಿಲ್ಲ. ಭಾವ ಆಮೇಲೂ ನಾಲ್ಕಾರು ಸಲ ಗೌಡರ ಮನೆಗೆ ಹೋಗಿ ಬಂದರು, ಆಗಲಿಲ್ಲ. ನಾಲ್ಕು ವರ್ಷದ ಮೇಲೆ ಹೊಳೆನರಸೀಪುರದ ಕಡೆಗೆ ಮದುವೆ ಮಾಡಿಕೊಟ್ಟರೆಂದು ಅಕ್ಕ ಬರೆದಳು. ನಾನು ಓದು ಮುಗಿಸಿ, ಮೇಷ್ಟ್ರಾಗಿ, ಹಾಸನ, ದುದ್ದ ಎಂದು ಸುತ್ತಿ, ಕೊನೆಗೆ ಹೊಳೆನರಸೀಪುರಕ್ಕೇ ವರ್ಗವಾಗಿ ಬಂದೆ. ಮಾತಿನ ಚಟವೇನೂ ಬಿಟ್ಟಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಸಭೆಯೆಂದರೆ ನನ್ನನ್ನೇ ಕರೆಯುತ್ತಿದ್ದರು. ಪ್ರತಿ ಸಲ ಎದ್ದು ನಿಲ್ಲುವಾಗ ಗೌಡರ ಆ ಪ್ರಶ್ನೆ ಕಿವಿಯಲ್ಲಿ ಕೇಳುತ್ತಿತ್ತು, ಪ್ರತಿ ಸಲ ಚಪ್ಪಾಳೆಯಲ್ಲಿ ಮುಳುಗಿಹೋಗುತ್ತಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ, ಮಕ್ಕಳನ್ನು ಶಾಲೆಗೆ ಸೇರಿಸಿ ಎಂದು ಹೇಳುವುದಕ್ಕೆ ಶಾಲೆಯ ಮುಂದೆ ಒಂದು ಸಭೆ ಮಾಡಿದೆವು. ಸುತ್ತಿನ ಹಳ್ಳಿಗಳ ಜನ ಬಂದಿದ್ದರು. ಮೇಜಿನ ಮೇಲೆ ಸೇರ್ಪಡೆಯ ರಿಜಿಸ್ಟರು ತೆರೆದಿಟ್ಟಿತ್ತು. ನನ್ನ ಭಾಷಣ ಹೊಳೆಯಂತೆ ಹರಿಯುತ್ತಿತ್ತು. ಇನ್ನು ಮೇಲೆ ವಿದ್ಯೆ ಎಲ್ಲರದು, ಮಾತು ಎಲ್ಲರದು, ದೊಡ್ಡವರು ಚಿಕ್ಕವರು ಎಂದಿಲ್ಲ, ಗಂಡು ಹೆಣ್ಣು ಎಂದಿಲ್ಲ, ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು ಎಂದೆ.

ಗೋಡೆಯ ಕಡೆ ಕೂತಿದ್ದ ಹೆಂಗಸರ ಗುಂಪಿನಲ್ಲಿ ಒಬ್ಬಳು ಎದ್ದು ನಿಂತಳು. ಐದಾರು ವರ್ಷದ ಹುಡುಗಿಯೊಂದು ಅವಳ ಸೆರಗು ಹಿಡಿದಿತ್ತು. ಅಧ್ಯಕ್ಷರು, “ಕೂತ್ಕೋಮ್ಮ, ಇನ್ನೂ ಭಾಷಣ ಮುಗಿದಿಲ್ಲ,” ಅಂದರು. ಅವಳು ಕೂರಲಿಲ್ಲ. ಅಧ್ಯಕ್ಷರನ್ನು ನೋಡಲೂ ಇಲ್ಲ.

“ಇವತ್ತು ಬಂದಿರೋದು ಯಾವ ಚೀಟಿ ಸ್ವಾಮಿ?” ಅಂದಳು.

ಸಭೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅದು ಗೌಡರ ಜಗಲಿಯ ಮಾತು; ಆವತ್ತು ತೊಟ್ಟಿಲ ಹಗ್ಗ ಎಳೆಯುತ್ತಿದ್ದ ದೇವೀರಿಯೇ ಇವಳೆಂದು ನನಗೆ ಗೊತ್ತಾಯಿತು. ಕಟ್ಟಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಒಟ್ಟಿಗೆ ಹೊರಟುಹೋದವು. “ಚೀಟಿ... ಇವತ್ತು ಚೀಟಿ ಇಲ್ಲಮ್ಮ,” ಎಂದೆ. “ಇದು... ಆವತ್ತು ನಿನ್ನನ್ನ... ನಮ್ಮಮ್ಮನಿಗೂ ಬರುತ್ತಿರಲಿಲ್ಲ, ಪಂಚಾಂಗ... ನಾನು ಆವತ್ತೂ ಇದನ್ನೇ...” ಮುಂದೆ ಹೇಳಲಾಗಲಿಲ್ಲ. ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಅಧ್ಯಕ್ಷರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು.

ದೇವೀರಮ್ಮ ಅವಸರ ಮಾಡಲಿಲ್ಲ. ನನ್ನ ಮಾತು ಪೂರ್ತಿ ನಿಂತುಹೋಗುವವರೆಗೆ ಕೇಳಿದಳು. ಆಮೇಲೆ ಬಗ್ಗಿ, ಮಗಳ ಕೈಯಿಂದ ಸೆರಗು ಬಿಡಿಸಿ, ಅವಳನ್ನು ರಿಜಿಸ್ಟರಿನ ಕಡೆಗೆ ಮೆಲ್ಲಗೆ ತಳ್ಳಿದಳು.

“ತಡವರಿಸ್ತಾವ್ರೆ. ಇದು ಅವರ್ದೇ ಮಾತು,” ಅಂದಳು. “ನಡಿ ಮಗಾ, ಎಸ್ರು ಬರ್ಸು.”